ವರದಿ ಬಂದಿದೆ, ರೋಗಿ ಬಂದಿಲ್ಲ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ, ಇಲಾಖೆಯ ಆಯುಕ್ತರೇ,

ನಮಸ್ಕಾರ.

ನಾನು ಒಂದು ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಲ್ಯಾಬ್ ಟೆಕ್ನೀಷಿಯನ್ ಆಗಿದ್ದು ನಿವೃತ್ತಳಾದವಳು. ಯಾವ ಆಸ್ಪತ್ರೆ, ಯಾವ ಊರು ಅಂತ ಬರೆಯುವುದಿಲ್ಲ. ಬರೆದರೆ ನಾಳೆಯೇ ಅಲ್ಲಿಗೊಂದು ನೋಟಿಸ್ ಹೋಗುತ್ತದೆ. ಈಗ ನನ್ನ ಜಾಗದಲ್ಲಿರುವ ಹುಡುಗಿ ಪಾಪ ಅದಕ್ಕೆ ಉತ್ತರ ಬರೆಯುತ್ತಾ ಕೂರಬೇಕು. ಅವಳದೇನೂ ತಪ್ಪಿಲ್ಲ. ತಪ್ಪು ಇದ್ದರೆ ನನ್ನದು ಸ್ವಲ್ಪ ಇದೆ, ಅದನ್ನೂ ಹೇಳುತ್ತೇನೆ.

ನಿವೃತ್ತಿಗೆ ನಾಲ್ಕು ದಿನ ಇತ್ತು. ಚಾರ್ಜ್ ಕೊಡಬೇಕು ಅಂತ ಬೀರು ಖಾಲಿ ಮಾಡುತ್ತಿದ್ದೆ. ಮೇಲಿನ ಖಾನೆಯಲ್ಲಿ ಗ್ಲೌಸಿನ ಹಳೇ ಡಬ್ಬ ಒಂದಿತ್ತು. ಅದರೊಳಗೆ ಬ್ಯಾಂಡೇಜ್ ಬಟ್ಟೆಯಲ್ಲಿ ಕಟ್ಟಿಟ್ಟ ಕಾಗದದ ಕಟ್ಟು. ಬಿಚ್ಚಿದರೆ ಎಲ್ಲಾ ಬಯಾಪ್ಸಿ ವರದಿಗಳು, ಅಂದರೆ ದೇಹದಿಂದ ತುಂಡು ತೆಗೆದು ಮಾಡಿದ ಪರೀಕ್ಷೆಯವು. ಜಿಲ್ಲಾ ಕೇಂದ್ರದಿಂದ ಬಂದು, ರೋಗಿಗಳು ತಗೊಂಡು ಹೋಗದೇ ಉಳಿದವು. ‘ಯಾರಾದ್ರೂ ಕೇಳಿದ್ರೆ ಇರಲಿ’ ಅಂತ ಎತ್ತಿಟ್ಟವಳು ನಾನೇ. ಕಟ್ಟಿನ ಗಂಟು ನೋಡಿದರೆ ಗೊತ್ತಾಗುತ್ತದಲ್ವಾ, ನಂದೇ ಗಂಟು.

ಕುರ್ಚಿ ಎಳೆದುಕೊಂಡು ಒಂದೊಂದೇ ಓದಿದೆ. ಹೆಚ್ಚಿನವು ತೊಂದರೆ ಇಲ್ಲದವು. ಕೊಬ್ಬಿನ ಗಂಟು, ಅಪೆಂಡಿಕ್ಸ್, ಹಳೇ ಹುಣ್ಣು. ನಾಲ್ಕರಲ್ಲಿ ಕ್ಯಾನ್ಸರ್ ಅಂತಿತ್ತು. ಅದರಲ್ಲಿ ಒಂದು ಗರ್ಭಕೋಶದ ಬಾಯಿಯದು. ಐವತ್ತೆರಡು ವರ್ಷದ ಹೆಂಗಸು. ವರದಿ ಬಂದು ಐದು ತಿಂಗಳಾಗಿತ್ತು.

ಫೋನ್ ಮಾಡೋಣ ಅಂತ ನೋಡಿದೆ. ಸ್ಯಾಂಪಲ್ ಜೊತೆ ಕಳಿಸಿದ ಫಾರಂನ ನಕಲಿನಲ್ಲಿ ನಂಬರ್ ಇತ್ತು. ಎಣಿಸಿದರೆ ಒಂಬತ್ತೇ ಅಂಕಿ. ಬರೆದುಕೊಂಡವರು ಒಂದು ಬಿಟ್ಟಿದ್ದರು. ಊರಿನ ಹೆಸರಿತ್ತು. ಆ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆ. ಆ ಹೆಸರಿನವರು ಊರಲ್ಲಿ ಇಬ್ಬರು ಇದ್ದಾರೆ ಮೇಡಂ, ಯಾರು ಅಂತ ಕೇಳಿದರು. ಮುಟ್ಟು ನಿಂತ ಮೇಲೂ ರಕ್ತ ಹೋಗ್ತಿದೆ ಅಂತ ಬಂದವರು ಅಂದೆ. ಅವರಿಗೆ ಗೊತ್ತಾಯಿತು. ಮಾರನೇ ದಿನ ಬೆಳಗ್ಗೆ ಹತ್ತಕ್ಕೆಲ್ಲಾ ಕರೆದುಕೊಂಡು ಬಂದರು.

ಆಕೆ ನನ್ನ ಮುಂದೆ ಬೆಂಚಿನ ಮೇಲೆ ಕೂತು, ಜಗಳ ಆಡಲಿಲ್ಲ. ‘ಮೂರು ಸಲ ಬಂದಿದ್ದೆ ಅಕ್ಕ. ಬಂದಿಲ್ಲ ಅಂದ್ರಿ. ಮೂರನೇ ಸಲ ನೀವೇ ಹೇಳಿದ್ರಿ, ಬಂದ್ರೆ ನಾವೇ ಫೋನ್ ಮಾಡ್ತೀವಿ, ಸುಮ್ನೆ ಅಲೀಬೇಡ ಅಂತ. ಫೋನ್ ಬರ್ಲಿಲ್ಲ, ಏನೂ ಇಲ್ಲ ಅಂದ್ಕೊಂಡೆ’ ಅಂದರು.

ಹೌದು, ಹಾಗೆ ಹೇಳಿದ್ದು ನಾನೇ ಇರಬೇಕು. ದಿನಕ್ಕೆ ಹತ್ತು ಜನಕ್ಕೆ ಹೇಳುತ್ತಿದ್ದೆ.

ಆಕೆ ಅಸಡ್ಡೆ ಮಾಡಿದವರಲ್ಲ. ಮೊದಲು ಹೊರರೋಗಿ ವಿಭಾಗಕ್ಕೆ ಒಂದು ಸಲ, ಹೆರಿಗೆ ಡಾಕ್ಟರ್ ಇರುವ ದಿನ ಇನ್ನೊಂದು ಸಲ, ತುಂಡು ತೆಗೆಸಿಕೊಳ್ಳಲು ಮತ್ತೊಂದು ಸಲ, ವರದಿಗೆ ಮೂರು ಸಲ. ಒಟ್ಟು ಆರು ದಿನ. ಬಸ್ಸೇನೋ 2023ರ ಜೂನ್‌ನಿಂದ ಹೆಂಗಸರಿಗೆ ಫ್ರೀ. ಬಿಟ್ಟ ಕೂಲಿಯನ್ನು ಯಾರೂ ಕೊಡುವುದಿಲ್ಲವಲ್ಲ.

ಅವತ್ತೇ ಬೆಂಗಳೂರಿಗೆ ರೆಫರ್ ಮಾಡಿದರು. ಆಮೇಲೆ ಏನಾಯಿತು ಅನ್ನುವುದು ನಮ್ಮ ಆಸ್ಪತ್ರೆಯ ಯಾವ ಪುಸ್ತಕದಲ್ಲೂ ಇಲ್ಲ. ‘ಹೆಚ್ಚಿನ ಚಿಕಿತ್ಸೆಗೆ ಕಳಿಸಲಾಗಿದೆ’ ಅಂತ ಒಂದು ಸಾಲು. ಲೆಕ್ಕ ಅಲ್ಲಿಗೆ ಮುಗಿಯಿತು. ನಾನು ಮಾತ್ರ ಇವತ್ತಿಗೂ ಆ ಒಂಬತ್ತು ಅಂಕಿ ಮರೆತಿಲ್ಲ.

ಈ ಪತ್ರ ಬರೆಯುತ್ತಿರುವುದು ಅದಕ್ಕೇ. ನೀವು ಕ್ಯಾನ್ಸರ್ ಬಗ್ಗೆ ಏನೂ ಮಾಡಿಲ್ಲ ಅಂತ ದೂರಲು ಅಲ್ಲ. ಮಾಡಿದ್ದೀರಿ, ನಿಮ್ಮ ಹಿಂದಿನವರೂ ಮಾಡಿದ್ದಾರೆ. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1973ರಿಂದ ಇದೆ. 1981ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಶುರು ಮಾಡಿದಾಗ, ಊರಿನ ಜನಸಂಖ್ಯೆಗೆ ಎಷ್ಟು ಕ್ಯಾನ್ಸರ್ ಅಂತ ಲೆಕ್ಕ ಇಡಲು ಆರಿಸಿಕೊಂಡ ಮೊದಲ ಮೂರು ನಗರಗಳಲ್ಲಿ ಬೆಂಗಳೂರು ಒಂದು. 2010ರಲ್ಲಿ ಕ್ಯಾನ್ಸರ್, ಸಕ್ಕರೆ ಕಾಯಿಲೆ, ಹೃದ್ರೋಗಗಳಿಗೆ ರಾಷ್ಟ್ರೀಯ ಕಾರ್ಯಕ್ರಮ ಬಂತು. 2016ರಲ್ಲಿ ಮೂವತ್ತು ದಾಟಿದ ಎಲ್ಲರಿಗೂ ತಪಾಸಣೆ ಅಂತ ಕೇಂದ್ರದಿಂದ ಮಾರ್ಗಸೂಚಿ ಬಂತು. ಬಾಯಿ, ಸ್ತನ, ಗರ್ಭಕೋಶದ ಬಾಯಿ, ಈ ಮೂರನ್ನು ಐದು ವರ್ಷಕ್ಕೊಮ್ಮೆ ನೋಡಬೇಕು ಅಂತ. 2024ರಲ್ಲಿ ಕೋಲಾರದಲ್ಲಿ, ಮನೆಮನೆಗೆ ಹೋಗಿ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆ ಶುರು ಮಾಡಿದಿರಿ. 2025ರಲ್ಲಿ ಹಲವು ಜಿಲ್ಲಾ ಆಸ್ಪತ್ರೆಗಳಲ್ಲೇ ಕಿಮೊಥೆರಪಿ ಕೊಡುವ ಡೇ ಕೇರ್ ಕೇಂದ್ರ ತೆರೆದಿರಿ. ಕಿಮೊಗೆ ಅಂತ ಮೂರು ವಾರಕ್ಕೊಮ್ಮೆ ಬೆಂಗಳೂರಿನ ಫುಟ್‌ಪಾತಿನಲ್ಲಿ ಮಲಗಿದವರನ್ನು ನಾನು ಬಲ್ಲೆ. ಅದು ಒಳ್ಳೇ ಕೆಲಸ.

ಶುರುವಿನ ಎಣಿಕೆ ಇದೆ, ಕೊನೆಯ ಎಣಿಕೆಯೂ ಇದೆ. ಎಷ್ಟು ಜನರನ್ನು ತಪಾಸಣೆ ಮಾಡಿದಿರಿ ಅಂತ ಪ್ರತಿ ತಿಂಗಳು ಕೇಳುತ್ತೀರಿ. ಎಷ್ಟು ಜನಕ್ಕೆ ಕಿಮೊ ಕೊಟ್ಟಿರಿ ಅಂತಲೂ ಕೇಳುತ್ತೀರಿ. ನಡುವೆ ಏನಾಯಿತು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಅನುಮಾನ ಬಂದ ದಿನ ಮತ್ತು ಉತ್ತರ ಸಿಕ್ಕ ದಿನ, ಇವೆರಡರ ಮಧ್ಯೆ ಎಷ್ಟು ದಿನ ಹೋಯಿತು? ಉತ್ತರ ಸಿಗದೇ ಎಷ್ಟು ಜನ ಕಳೆದುಹೋದರು? ನನ್ನ ಇಪ್ಪತ್ತೊಂಬತ್ತು ವರ್ಷದಲ್ಲಿ ಈ ಪ್ರಶ್ನೆ ಇರುವ ಒಂದು ಫಾರಂ ನನ್ನ ಟೇಬಲ್ಲಿಗೆ ಬಂದಿಲ್ಲ.

ತಪಾಸಣೆಯೇ ಕಮ್ಮಿ ಅನ್ನುವುದು ನಿಜ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಗರ್ಭಕೋಶದ ಬಾಯಿಯ ಪರೀಕ್ಷೆ ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ, 1.9. ಸ್ತನ ಪರೀಕ್ಷೆ, ಬಾಯಿ ಪರೀಕ್ಷೆ ನೂರಕ್ಕೆ ಒಬ್ಬರಿಗೂ ಆಗಿಲ್ಲ. ಹಾಗಂತ ಕ್ಯಾಂಪ್ ಜಾಸ್ತಿ ಮಾಡಿದರೆ ಸಾಕಾ? ಕ್ಯಾಂಪಿನಲ್ಲಿ ಅನುಮಾನ ಬಂದವರ ಪಟ್ಟಿ ಎಲ್ಲಿಗೆ ಹೋಗುತ್ತದೆ ಅಂತ ನಾನು ನೋಡಿದ್ದೇನೆ. ಶಾಮಿಯಾನ ಬಿಚ್ಚುವಾಗ ಬ್ಯಾನರ್ ಜೊತೆ ಸುತ್ತಿಕೊಂಡು ಹೋಗುತ್ತದೆ.

ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಆಸ್ಪತ್ರೆಯವರು ವರ್ಷಗಟ್ಟಲೆ ಒಂದು ಅಧ್ಯಯನ ನಡೆಸಿದರು. ಹತ್ತನೇ ಕ್ಲಾಸ್ ಓದಿದ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ವಿನೆಗರ್‌ನಂಥ ಹುಳಿದ್ರಾವಣ ಹಚ್ಚಿ ಗರ್ಭಕೋಶದ ಬಾಯಿ ನೋಡುವ ವಿಐಎ ಪರೀಕ್ಷೆ ಮಾಡಿಸಿದರು. ಆ ಕ್ಯಾನ್ಸರ್‌ನ ಸಾವು ನೂರಕ್ಕೆ 31ರಷ್ಟು ಇಳಿಯಿತು ಅಂತ 2014ರಲ್ಲಿ ಪ್ರಕಟವಾಯಿತು. ತಿರುವನಂತಪುರ ಜಿಲ್ಲೆಯಲ್ಲಿ ಆರೋಗ್ಯ ಕಾರ್ಯಕರ್ತರು ಟಾರ್ಚ್ ಹಿಡಿದು ಮನೆಮನೆಗೆ ಹೋಗಿ ಬಾಯಿ ನೋಡಿದರು. ತಂಬಾಕು, ಹೆಂಡದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ನೂರಕ್ಕೆ 34ರಷ್ಟು ಕಡಿಮೆಯಾಯಿತು ಅಂತ 2005ರಲ್ಲಿ ಬಂತು. ಸಾಮಾನು ಏನು? ಒಂದು ಟಾರ್ಚ್, ಒಂದು ಬಾಟಲಿ ದ್ರಾವಣ. ಅದು ನಮ್ಮಲ್ಲೂ ಇದೆ. ನಮ್ಮಲ್ಲಿ ಇಲ್ಲದ್ದು ಇನ್ನೊಂದು. ಅನುಮಾನ ಬಂದವರಲ್ಲಿ ಯಾರು ಮುಂದಿನ ಪರೀಕ್ಷೆಗೆ ಬಂದರು, ಯಾರು ಬರಲಿಲ್ಲ ಅನ್ನುವುದು ಅಲ್ಲಿ ಪುಸ್ತಕದಲ್ಲಿತ್ತು. ಅಲ್ಲೂ ಎಲ್ಲರೂ ಬರಲಿಲ್ಲ. ಆದರೆ ಬಾರದವರು ಎಷ್ಟು ಅಂತ ಹೇಳುವ ಸ್ಥಿತಿಯಲ್ಲಿ ಅವರಿದ್ದರು.

ಹಾಗಾಗಿ ನನ್ನ ಬೇಡಿಕೆ ಒಂದೇ. ರಾಜ್ಯದ ಪ್ರತಿ ಸಾರ್ವಜನಿಕ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಅನುಮಾನ, ಅದರ ಪರೀಕ್ಷೆ, ಪರೀಕ್ಷೆಯ ನಂತರದ ಹೆಜ್ಜೆ, ಇವುಗಳ ಆಡಿಟ್ ಆಗಬೇಕು. ವರ್ಷಕ್ಕೆ ಎರಡು ಸಲ ಸಾಕು.

ಆಡಿಟ್ ಅಂದ ಕೂಡಲೇ ನಮ್ಮವರ ಮುಖ ಬಾಡುತ್ತದೆ. ಯಾಕೆಂದರೆ ಆಸ್ಪತ್ರೆಯಲ್ಲಿ ಆಡಿಟ್ ಅಂದರೆ ಸರ್ಕಾರಿ ಲೆಕ್ಕ ನೋಡುವ ಎ.ಜಿ. (ಅಕೌಂಟೆಂಟ್ ಜನರಲ್) ಕಚೇರಿಯವರು ಬರುವುದು. ಹತ್ತಿಯ ಕಟ್ಟು ಎಷ್ಟು ಬಂತು, ಎಷ್ಟು ಖರ್ಚಾಯಿತು, ಸ್ಟಾಕ್ ಬುಕ್ಕಿನ ಮೊತ್ತ ತಾಳೆ ಆಗುತ್ತದಾ ಅಂತ ನೋಡುವುದು. ಒಂದು ಸಲ ಎರಡು ಡಜನ್ ಟೆಸ್ಟ್ ಟ್ಯೂಬ್ ಲೆಕ್ಕಕ್ಕೆ ಸಿಗಲಿಲ್ಲ ಅಂತ ನಾನು ಅರ್ಧ ದಿನ ನಿಂತು ಉತ್ತರ ಕೊಟ್ಟಿದ್ದೇನೆ. ಲೆಕ್ಕಕ್ಕೆ ಸಿಗದ ನಾಲ್ಕು ರೋಗಿಗಳ ಬಗ್ಗೆ ಯಾರೂ ನಿಲ್ಲಿಸಿ ಕೇಳಲಿಲ್ಲ.

ನಾನು ಹೇಳುವ ಆಡಿಟ್ ಎರಡು ದಿಕ್ಕಿನಿಂದ ನಡೆಯಬೇಕು.

ಮೊದಲನೆಯದು ಕೊನೆಯಿಂದ ಹಿಂದಕ್ಕೆ. ಕಳೆದ ಆರು ತಿಂಗಳಲ್ಲಿ ಕ್ಯಾನ್ಸರ್ ಅಂತ ಖಾತ್ರಿಯಾದ ಇಪ್ಪತ್ತೋ ಮೂವತ್ತೋ ರೋಗಿಗಳ ಹೆಸರು ತೆಗೆದುಕೊಳ್ಳಿ. ಆಯುಷ್ಮಾನ್ ರೆಫರಲ್ ದಾಖಲೆಯಲ್ಲೇ ಸಿಗುತ್ತವೆ. ಆಮೇಲೆ ಒಬ್ಬೊಬ್ಬರ ಹಳೇ ಒಪಿಡಿ ಚೀಟಿ ಹುಡುಕಿ. ಜನ ಚೀಟಿ ಬಿಸಾಡುವುದಿಲ್ಲ ಸ್ವಾಮಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ರೇಷನ್ ಕಾರ್ಡ್ ಜೊತೆ ಇಟ್ಟಿರುತ್ತಾರೆ. ಆ ಕವರ್ ಬಿಚ್ಚಿ, ಚೀಟಿಗಳನ್ನು ತಾರೀಕಿನ ಪ್ರಕಾರ ಟೇಬಲ್ ಮೇಲೆ ಸಾಲಾಗಿ ಜೋಡಿಸಿದರೆ ಸಾಕು, ಕಥೆ ತಾನೇ ಹೇಳುತ್ತದೆ.

ನಮ್ಮ ಕಡೆ ಅಡಿಕೆ, ತಂಬಾಕು ಜಾಸ್ತಿ. ಗುಟ್ಕಾ ರಾಜ್ಯದಲ್ಲಿ 2013ರಲ್ಲೇ ನಿಷೇಧ ಆಯಿತು. ಈಗ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಕೈಯಲ್ಲಿ ಬೆರೆಸಿಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ. ಬಾಯಿ ಹುಣ್ಣು ಅಂತ ಬಂದವನಿಗೆ ಮೊದಲ ಚೀಟಿಯಲ್ಲಿ ಬಿ ಕಾಂಪ್ಲೆಕ್ಸ್. ಎರಡನೇ ಚೀಟಿಯಲ್ಲಿ ಬಿ ಕಾಂಪ್ಲೆಕ್ಸ್, ಹಚ್ಚಲು ಜೆಲ್. ಮೂರನೆಯದರಲ್ಲಿ ಆಂಟಿಬಯಾಟಿಕ್. ನಾಲ್ಕನೆಯದರಲ್ಲಿ ಯಾರೋ ಪುಣ್ಯಾತ್ಮರು ಟಾರ್ಚ್ ಬಿಟ್ಟು ನೋಡಿ ‘ಬಯಾಪ್ಸಿ’ ಅಂತ ಬರೆದಿರುತ್ತಾರೆ. ಮೂರು ವಾರ ಕಳೆದರೂ ಮಾಗದ ಹುಣ್ಣನ್ನು ಬಿಡಬಾರದು ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಪ್ರತಿ ಸಲ ಬೇರೆ ಡಾಕ್ಟರ್, ಪ್ರತಿ ಸಲ ಹೊಸ ಚೀಟಿ. ಹೊರಗೆ ನೂರೈವತ್ತು ಜನ ಕಾಯುತ್ತಿದ್ದಾರೆ. ಆ ಡಾಕ್ಟರುಗಳಿಗೆಲ್ಲಾ ಇದು ಮೊದಲನೇ ಭೇಟಿ. ರೋಗಿಗೆ ಮಾತ್ರ ನಾಲ್ಕನೆಯದು. ಅದೇ ಕಟ್ಟಡದ ಕೊನೆಯ ಕೋಣೆಯಲ್ಲಿ ದಂತ ವೈದ್ಯರಿದ್ದಾರೆ. ಅವರ ಹತ್ತಿರ ಒಳ್ಳೇ ಕುರ್ಚಿ ಇದೆ, ಲೈಟಿದೆ.

ಹೀಗೇ ಇನ್ನೂ ಕೆಲವು. ಎದೆ ಎಕ್ಸ್‌ರೇಯಲ್ಲಿ ನೆರಳು, ಕಫದಲ್ಲಿ ಟಿಬಿ ಸಿಗಲಿಲ್ಲ, ಆದರೂ ಟಿಬಿ ಮಾತ್ರೆ ಶುರು, ತಿಂಗಳುಗಟ್ಟಲೆ ನುಂಗಿದರೂ ನೆರಳು ಹೋಗಲಿಲ್ಲ. ಅರವತ್ತು ದಾಟಿದ ಗಂಡಸಿಗೆ ಹಿಮೋಗ್ಲೋಬಿನ್ ಏಳು, ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರು, ಅಷ್ಟು ರಕ್ತ ಎಲ್ಲಿಂದ ಸೋರುತ್ತಿದೆ ಅಂತ ಯಾರೂ ಕೇಳಲಿಲ್ಲ. ಆ ಹಿಮೋಗ್ಲೋಬಿನ್ ನೋಡಿ ಬರೆದುಕೊಟ್ಟವಳು ನಾನು. ಮೂರು ತಿಂಗಳ ನಂತರ ಅದೇ ಮನುಷ್ಯ ಮತ್ತೆ ಬಂದ, ಆರೂವರೆ. ಅದನ್ನೂ ಬರೆದುಕೊಟ್ಟೆ. ಹಿಂದಿನ ಪುಟ ತಿರುಗಿಸಿ ನೋಡಿ ಅಂತ ನನಗೆ ಯಾರೂ ಹೇಳಿರಲಿಲ್ಲ, ನನಗೂ ಹೊಳೆಯಲಿಲ್ಲ.

ಎರಡನೆಯದು ಮೊದಲಿಂದ ಮುಂದಕ್ಕೆ. ಮೂರು ತಿಂಗಳಲ್ಲಿ ಆಸ್ಪತ್ರೆಯಿಂದ ಹೊರಟ ಎಲ್ಲಾ ಬಯಾಪ್ಸಿ, ಎಲ್ಲಾ ಸೂಜಿ ಪರೀಕ್ಷೆ (ಗಂಟಿಗೆ ಸೂಜಿ ಹಾಕಿ ಜೀವಕೋಶ ತೆಗೆದು ನೋಡುವುದು), ವಿಐಎಯಲ್ಲಿ ಬಿಳಿ ಕಲೆ ಕಂಡ ಎಲ್ಲಾ ಹೆಂಗಸರು. ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ ಒಬ್ಬರಿಗೆ ಒಂದು ಸಾಲು. ಸಾಲಿನಲ್ಲಿ ಆರು ತಾರೀಕು: ತೊಂದರೆ ಅಂತ ಮೊದಲು ಬಂದ ದಿನ, ಸ್ಯಾಂಪಲ್ ತೆಗೆದ ದಿನ, ಸ್ಯಾಂಪಲ್ ಹೊರಟ ದಿನ, ವರದಿ ಬಂದ ದಿನ, ರೋಗಿಗೆ ಹೇಳಿದ ದಿನ, ಚಿಕಿತ್ಸೆ ಶುರುವಾದ ದಿನ. ಯಾವ ಖಾನೆ ಖಾಲಿ ಇದೆ ಅಂತ ನೋಡುತ್ತಾ ಹೋದರೆ ಆಯಿತು.

ನಮ್ಮಲ್ಲಿ ಪ್ಯಾಥಾಲಜಿಸ್ಟ್, ಅಂದರೆ ತುಂಡು ನೋಡಿ ವರದಿ ಬರೆಯುವ ಡಾಕ್ಟರ್, ಇರಲಿಲ್ಲ. ಸ್ಯಾಂಪಲ್ ಜಿಲ್ಲಾ ಕೇಂದ್ರದ ಮೆಡಿಕಲ್ ಕಾಲೇಜಿಗೆ ಹೋಗಬೇಕು. ಗುರುವಾರಕ್ಕೊಮ್ಮೆ ಗ್ರೂಪ್ ಡಿ ನೌಕರರೊಬ್ಬರು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ಯುತ್ತಿದ್ದರು. ಹೋದ ವಾರದ ವರದಿ ವಾಪಸ್ ತರುತ್ತಿದ್ದರು. ಶುಕ್ರವಾರ ತುಂಡು ತೆಗೆದರೆ ಆರು ದಿನ ಅಲ್ಲೇ ಕೂತಿರುತ್ತದೆ. ಅವರಿಗೆ ರಜೆ ಬಂದರೆ ಹದಿಮೂರು ದಿನ. ಡಾಕ್ಟರ್‌ಗೆ ಇದು ಗೊತ್ತೇ ಇಲ್ಲ, ಅವರು ‘ಒಂದು ವಾರ ಬಿಟ್ಟು ಬಾ’ ಅಂತ ಬರೆಯುತ್ತಾರೆ. ಆ ಹೆಂಗಸು ಮೂರು ಸಲ ಅಲೆದದ್ದು ಹೀಗೆ.

ಫಾರ್ಮಲಿನ್ ವಿಷಯ ಹೇಳದೇ ಹೋದರೆ ನನ್ನ ಕೆಲಸಕ್ಕೆ ಅವಮಾನ. ತೆಗೆದ ತುಂಡನ್ನು, ಕೊಳೆಯದಂತೆ, ನೂರಕ್ಕೆ ಹತ್ತರ ಫಾರ್ಮಲಿನ್ ದ್ರಾವಣದಲ್ಲಿ ಹಾಕಬೇಕು. ಮಾರುಕಟ್ಟೆಯಲ್ಲಿ ಸಿಗುವ ಗಟ್ಟಿ ದ್ರಾವಣ ಒಂದು ಪಾಲು, ನೀರು ಒಂಬತ್ತು ಪಾಲು. ತುಂಡಿನ ಹತ್ತು ಪಟ್ಟು ದ್ರಾವಣ ಇರಬೇಕು, ಬಾಟಲಿಯ ಬಾಯಿ ಅಗಲ ಇರಬೇಕು. ಆಪರೇಷನ್ ಥಿಯೇಟರಿನಲ್ಲಿ ಫಾರ್ಮಲಿನ್ ಮುಗಿದಿದ್ದರೆ ಸಿಸ್ಟರ್ ಸಲೈನ್‌ಗೆ ಹಾಕಿ ಕಳಿಸುತ್ತಾರೆ. ಮೂರು ದಿನಕ್ಕೆ ತುಂಡು ಕೊಳೆತು ಕೂರುತ್ತದೆ. ವರದಿಯಲ್ಲಿ ‘ಅಭಿಪ್ರಾಯ ಹೇಳಲು ಆಗುವುದಿಲ್ಲ’ ಅಂತ ಬರುತ್ತದೆ. ರೋಗಿ ಮತ್ತೆ ಮೊದಲಿಂದ ಶುರು ಮಾಡಬೇಕು. ಎಷ್ಟು ಸ್ಯಾಂಪಲ್ ಹೀಗೆ ಹಾಳಾಗುತ್ತವೆ? ಆಡಿಟ್ ಮಾಡಿದರೆ ಒಂದೇ ದಿನದಲ್ಲಿ ಗೊತ್ತಾಗುತ್ತದೆ, ಸರಿಪಡಿಸಲು ಒಂದು ಕ್ಯಾನ್ ಫಾರ್ಮಲಿನ್ ಸಾಕು.

ಇನ್ನು, ತೆಗೆದ ಗರ್ಭಕೋಶವನ್ನು ಕವರಿನಲ್ಲಿ ಹಾಕಿ ‘ನೀವೇ ಹೊರಗಡೆ ಲ್ಯಾಬಿಗೆ ಕೊಡಿ’ ಅಂತ ಮನೆಯವರ ಕೈಗೆ ಕೊಡುವ ರೂಢಿ. ಎಷ್ಟು ಜನ ಕೊಡುತ್ತಾರೆ ಅಂದುಕೊಂಡಿದ್ದೀರಿ? ಗಂಡ ಹೊರಗೆ ಹೋಗಿ, ಆ ಕವರನ್ನು ನೋಡಲಾಗದೆ, ಆಸ್ಪತ್ರೆಯ ಹಿಂದೆ ಹೂತು ಬಂದದ್ದನ್ನು ನಮ್ಮ ವಾಚ್‌ಮನ್ ನೋಡಿದ್ದ. ದೇಹದಿಂದ ತೆಗೆದ ಪ್ರತಿಯೊಂದು ತುಂಡೂ ಪರೀಕ್ಷೆಗೆ ಹೋಯಿತಾ ಅನ್ನುವುದು ಆಡಿಟ್‌ನ ಮೊದಲ ಪ್ರಶ್ನೆಗಳಲ್ಲಿ ಇರಲಿ.

ಇನ್ನೊಂದು ಗುಂಡಿ ಇದೆ, ಇದರಲ್ಲಿ ಓದಿದವರೂ ಬೀಳುತ್ತಾರೆ. ಸೂಜಿ ಪರೀಕ್ಷೆಯಲ್ಲಿ ಕೆಲವು ಸಲ ಜೀವಕೋಶ ಸಾಕಷ್ಟು ಬರುವುದಿಲ್ಲ. ಆಗ ವರದಿಯಲ್ಲಿ ‘ಸ್ಯಾಂಪಲ್ ಸಾಲದು, ಮತ್ತೆ ಮಾಡಿ’ ಅಂತ ಇಂಗ್ಲಿಷಿನಲ್ಲಿ ಬರುತ್ತದೆ. ಸ್ತನದಲ್ಲಿ ಗಂಟಿದ್ದ ತಾಯಿಯ ವರದಿಯನ್ನು ಮಗ ಓದುತ್ತಾನೆ. ಕ್ಯಾನ್ಸರ್ ಅನ್ನುವ ಪದ ಕಾಣುವುದಿಲ್ಲ. ‘ಏನೂ ಇಲ್ವಂತೆ ಅಮ್ಮ’ ಅಂತಾನೆ. ಇಬ್ಬರೂ ಖುಷಿಯಾಗಿ ಹೋಟೆಲಿನಲ್ಲಿ ದೋಸೆ ತಿಂದು ಮನೆಗೆ ಹೋಗುತ್ತಾರೆ. ಕೆಲವು ಸಲ ಡಾಕ್ಟರ್ ಕೂಡ ಗಡಿಬಿಡಿಯಲ್ಲಿ ಹಾಗೇ ಓದಿಬಿಡುತ್ತಾರೆ. ‘ಇಲ್ಲ’ ಅನ್ನುವುದಕ್ಕೂ ‘ಗೊತ್ತಾಗಲಿಲ್ಲ’ ಅನ್ನುವುದಕ್ಕೂ ಎಷ್ಟು ದೂರ! ಇಂಥ ವರದಿ ಬಂದವರಲ್ಲಿ ಎಷ್ಟು ಜನಕ್ಕೆ ಎರಡನೇ ಸಲ ಸೂಜಿ ಹಾಕಿದರು ಅಂತ ಎಣಿಸಿ. ವರದಿಯ ಕೆಳಗೆ ಕನ್ನಡದಲ್ಲಿ ಒಂದು ಸಾಲಿನ ಸೀಲ್ ಹಾಕಿಸಿ: ‘ಪರೀಕ್ಷೆ ಪೂರ್ತಿಯಾಗಿಲ್ಲ, ಮತ್ತೆ ಬರಬೇಕು.’ ಸೀಲ್ ಮಾಡಿಸಲು ಪೇಟೆಯಲ್ಲಿ ಇನ್ನೂರು ರೂಪಾಯಿಯೂ ಆಗುವುದಿಲ್ಲ.

ಎಷ್ಟು ದಿನದೊಳಗೆ ಉತ್ತರ ಕೊಡಬೇಕು ಅನ್ನುವುದಕ್ಕೆ ಅಳತೆ ಈಗಾಗಲೇ ಇದೆ. ಸ್ತನ ಕ್ಯಾನ್ಸರ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು, ರೋಗಿ ಮೊದಲು ಬಂದ ದಿನದಿಂದ 60 ದಿನದೊಳಗೆ ಎಲ್ಲಾ ಪರೀಕ್ಷೆ ಮುಗಿಯಬೇಕು ಅಂತ. ಇಂಗ್ಲೆಂಡಿನಲ್ಲಿ ಅನುಮಾನ ಅಂತ ಡಾಕ್ಟರ್ ತುರ್ತು ಚೀಟಿ ಬರೆದ 28 ದಿನದೊಳಗೆ ಹೌದೋ ಅಲ್ಲವೋ ಹೇಳಬೇಕು ಅಂತ ನಿಯಮ. ಅಲ್ಲೂ ಎಲ್ಲರಿಗೂ ಆಗುತ್ತಿಲ್ಲ, ಆಗುತ್ತಿಲ್ಲ ಅಂತ ಅವರೇ ಪ್ರತಿ ತಿಂಗಳು ಅಂಕಿ ಹಾಕುತ್ತಾರೆ. ನಾವು 28ಕ್ಕೆ ಹಾರುವುದು ಬೇಡ. 60 ಅಂತಲೇ ಇಟ್ಟುಕೊಂಡು ಎಣಿಸಲು ಶುರು ಮಾಡೋಣ.

ಸಿಬ್ಬಂದಿ ಎಲ್ಲಿದ್ದಾರೆ ಅಂತ ಕೇಳುತ್ತೀರಿ. ಗೊತ್ತು, ಇಲ್ಲ. ಆದರೆ ನನ್ನ ಲ್ಯಾಬಿನಿಂದ ತಿಂಗಳಿಗೆ ಹೋಗುತ್ತಿದ್ದದ್ದು ಇಪ್ಪತ್ತು, ಇಪ್ಪತ್ತೈದು ಸ್ಯಾಂಪಲ್. ಶನಿವಾರ ಮಧ್ಯಾಹ್ನ ಅರ್ಧ ಗಂಟೆ ಕೂತರೆ ನೋಟ್‌ಬುಕ್ ತುಂಬುತ್ತದೆ. ಖಾಲಿ ಖಾನೆ ಇರುವವರಿಗೆ ಫೋನ್ ಮಾಡಲು ಇನ್ನರ್ಧ ಗಂಟೆ.

ಮತ್ತೆ, ಇದು ನಮಗೆ ಬಾರದ ವಿದ್ಯೆಯೇನೂ ಅಲ್ಲ. ಒಬ್ಬ ಬಾಣಂತಿ ಸತ್ತರೆ ಏನು ಮಾಡುತ್ತೀರಿ? ಮನೆಗೆ ಹೋಗಿ ಕೇಳುತ್ತೀರಿ. ಆಸ್ಪತ್ರೆಯ ಕೇಸ್ ಶೀಟ್ ತರಿಸುತ್ತೀರಿ. ಮನೆಯಲ್ಲಿ ತಡವಾಯಿತಾ, ದಾರಿಯಲ್ಲಿ ತಡವಾಯಿತಾ, ಆಸ್ಪತ್ರೆಗೆ ಬಂದ ಮೇಲೆ ತಡವಾಯಿತಾ ಅಂತ ಮೂರು ತಡ ಬರೆಯುತ್ತೀರಿ. ಜಿಲ್ಲಾಧಿಕಾರಿಗಳ ಮುಂದೆ ಚರ್ಚೆ ಆಗುತ್ತದೆ. ಯಾವ ತಾಲ್ಲೂಕಿನ ಸಿಸ್ಟರ್‌ನನ್ನು ಕೇಳಿದರೂ ‘ಮೂರು ತಡ’ ಬಾಯಿಪಾಠ ಹೇಳುತ್ತಾರೆ. ಟಿಬಿ ತೆಗೆದುಕೊಳ್ಳಿ. 2012ರಿಂದ ಪ್ರತಿ ರೋಗಿ ಟಿಬಿ ರೋಗಿಗಳ ಲೆಕ್ಕ ಇಡುವ ನಿಕ್ಷಯ್ ಪೋರ್ಟಲ್‌ನಲ್ಲಿ ಇದ್ದಾನೆ. ಮಾತ್ರೆ ಬಿಟ್ಟರೆ ಮನೆಗೆ ಹೋಗಿ ಕೇಳುತ್ತಾರೆ. ಪೌಷ್ಟಿಕ ಆಹಾರಕ್ಕೆ ಅಂತ 2018ರಿಂದ ತಿಂಗಳಿಗೆ 500 ರೂಪಾಯಿ ಖಾತೆಗೆ ಹಾಕುತ್ತಿದ್ದರು, 2024ರ ನವೆಂಬರ್‌ನಿಂದ ಅದು 1000 ಆಗಿದೆ. ಇದೇ ಆಸ್ಪತ್ರೆ, ಇದೇ ಸಿಬ್ಬಂದಿ. ಒಂದು ಕಾಯಿಲೆಯವನನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಾರೆ, ಇನ್ನೊಂದು ಕಾಯಿಲೆಯವಳ ವರದಿಯನ್ನು ಗ್ಲೌಸಿನ ಡಬ್ಬದಲ್ಲಿ ಇಡುತ್ತಾರೆ. ಗುಣಮಟ್ಟದ ಸರ್ಟಿಫಿಕೇಟಿಗೆ ಅಂತ ಎನ್‌ಕ್ಯೂಎಎಸ್ ತಂಡ ಬರುವಾಗ ಡೆತ್ ಆಡಿಟ್, ಪ್ರಿಸ್ಕ್ರಿಪ್ಷನ್ ಆಡಿಟ್ ಫೈಲುಗಳನ್ನು ರಾತ್ರಿ ಕೂತು ತಯಾರು ಮಾಡಿದವರು ನಾವು. ಅದೇ ಬೀರುವಿನಲ್ಲಿ ಇನ್ನೊಂದು ಫೈಲಿಗೆ ಜಾಗ ಇದೆ.

ಒಂದು ಎಚ್ಚರಿಕೆ ಮಾತ್ರ ಬೇಕು, ಇಲ್ಲದಿದ್ದರೆ ಎಲ್ಲಾ ಹಾಳು. ಇದನ್ನು ವಿಚಾರಣೆ ಮಾಡಬೇಡಿ. ನಮ್ಮಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂದರೆ ಸಂಜೆಯೊಳಗೆ ಯಾರಾದರೂ ಒಬ್ಬರು ಸಸ್ಪೆಂಡ್. ಹೆಚ್ಚಾಗಿ ಸ್ಟಾಫ್ ನರ್ಸ್, ಇಲ್ಲದಿದ್ದರೆ ಗುತ್ತಿಗೆಯವರು. ಖಾಲಿ ಖಾನೆ ಕಂಡರೆ ಸಂಬಳ ಕಡಿತ ಅಂತಾದರೆ ಒಂದು ಖಾನೆಯೂ ಖಾಲಿ ಇರುವುದಿಲ್ಲ. ಎಲ್ಲಾ ತಾರೀಕನ್ನೂ ಒಂದೇ ಪೆನ್ನಿನಲ್ಲಿ, ಒಂದೇ ದಿನ, ಒಂದೇ ಕೈ ತುಂಬಿರುತ್ತದೆ. ಅಂಥ ರಿಜಿಸ್ಟರ್ ನಾನು ನೋಡಿಲ್ಲ ಅಂತಲ್ಲ. ಡಾಕ್ಟರ್, ಸಿಸ್ಟರ್, ಲ್ಯಾಬ್, ಫಾರ್ಮಸಿ, ಒಬ್ಬ ಆಶಾ, ಇಷ್ಟು ಜನ ಬಾಗಿಲು ಹಾಕಿಕೊಂಡು ಕೂತು ಚೀಟಿ ನೋಡಲಿ. ಹೆಸರು ಹೊರಗೆ ಹೋಗುವುದು ಬೇಡ. ಜಿಲ್ಲೆಗೆ ಹೋಗುವುದು ಅಂಕಿ ಮಾತ್ರ. ದಯವಿಟ್ಟು ವರದಿಯ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕಿಸಬೇಡಿ. ಹಳ್ಳಿಯಲ್ಲಿ ‘ಆ ಕಾಯಿಲೆ’ ಅಂತ ಸುದ್ದಿ ಹಬ್ಬಿದರೆ ಮಗಳ ಸಂಬಂಧ ಮುರಿಯುತ್ತದೆ.

ಹೇಳುವ ರೀತಿಯೂ ಆಡಿಟ್‌ನಲ್ಲಿ ಬರಲಿ. ಕ್ಯಾನ್ಸರ್ ಇದೆ ಅಂತ ಲ್ಯಾಬಿನ ಕಿಟಕಿಯಲ್ಲಿ, ಹಿಂದೆ ಸರದಿ ನಿಂತಿರುವಾಗ, ನನ್ನಂಥವಳು ಹೇಳುವ ಮಾತಲ್ಲ ಅದು. ಆದರೆ ‘ಏನ್ ಬಂದಿದೆ ಅಕ್ಕ’ ಅಂತ ಕೇಳಿದಾಗ ‘ಡಾಕ್ಟರ್‌ಗೆ ತೋರಿಸಿ’ ಅಂದರೂ ಮುಖ ನೋಡಿಯೇ ಕಂಡುಕೊಂಡುಬಿಡುತ್ತಾರೆ. ಸ್ತನ ಪರೀಕ್ಷೆಗೆ ಪರದೆ ಇರುವ ಕೋಣೆ ಇದೆಯಾ ಅಂತಲೂ ನೋಡಿ. ಪರದೆ ಇಲ್ಲದ ಕಡೆ ‘ಗಂಟಿಲ್ಲ’ ಅಂತ ಬರೆದಿದ್ದರೆ, ಅದರರ್ಥ ‘ನೋಡಿಲ್ಲ’ ಅಂತಲೇ. ಹಾಗಂತ ಎಲ್ಲರಿಗೂ ಸಿಟಿ ಸ್ಕ್ಯಾನ್ ಬರೆಯಿರಿ ಅಂತ ನಾನು ಹೇಳುತ್ತಿಲ್ಲ. ‘ಕ್ಯಾನ್ಸರ್ ಪ್ಯಾಕೇಜ್’ ಅಂತ ಹತ್ತು ರಕ್ತ ಪರೀಕ್ಷೆ ಮಾಡುವ ಖಾಸಗಿ ಲ್ಯಾಬುಗಳ ಬಗ್ಗೆ ನನಗೆ ಒಳ್ಳೇ ಅಭಿಪ್ರಾಯ ಇಲ್ಲ. ಬೇಡದ ಪರೀಕ್ಷೆ ಎಷ್ಟಾಯಿತು ಅಂತಲೂ ಅದೇ ನೋಟ್‌ಬುಕ್ ಹೇಳುತ್ತದೆ.

ಈಗ ನೀವು ಮಾಡಬೇಕಾದ್ದು. ಮೊದಲು ಐದು ತಾಲ್ಲೂಕು ಆಸ್ಪತ್ರೆ ಆರಿಸಿ. ಮೂರು ತಿಂಗಳು ಈ ಆರು ತಾರೀಕು ಬರೆಸಿ. ಫೋನ್ ನಂಬರ್ ಬರೆದುಕೊಂಡ ತಕ್ಷಣ ಅಲ್ಲೇ ಒಂದು ಮಿಸ್ಡ್ ಕಾಲ್ ಕೊಟ್ಟು ನೋಡಬೇಕು ಅಂತ ಸುತ್ತೋಲೆ ಹೊರಡಿಸಿ. ಮನೆಯವರದಲ್ಲದೆ ಆಶಾ ಅವರ ನಂಬರೂ ಫಾರಂನಲ್ಲಿ ಇರಲಿ. ಬೆಂಗಳೂರಿಗೋ ಜಿಲ್ಲೆಗೋ ರೆಫರ್ ಮಾಡಿದವರು ಅಲ್ಲಿಗೆ ಮುಟ್ಟಿದರಾ ಅಂತ ಅಲ್ಲಿಂದ ಒಂದು ಸಾಲು ವಾಪಸ್ ಬರುವ ವ್ಯವಸ್ಥೆ ಮಾಡಿ. ಮೂರು ತಿಂಗಳ ಅಂಕಿಯನ್ನು ಆಯಾ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದಿಡಿ. ಎಷ್ಟೇ ಕೆಟ್ಟದಾಗಿದ್ದರೂ ಇಡಿ.

ಐದರಲ್ಲಿ ಒಂದು ನಮ್ಮ ಆಸ್ಪತ್ರೆ ಆದರೆ, ನಾನು ವಾರಕ್ಕೆರಡು ದಿನ ಬಂದು ಕೂರುತ್ತೇನೆ. ಸಂಬಳ ಬೇಡ, ಪಿಂಚಣಿ ಬರುತ್ತದೆ. ಹಳೇ ರಿಜಿಸ್ಟರುಗಳು ಯಾವ ಖಾನೆಯಲ್ಲಿವೆ ಅಂತ ನನಗೆ ಗೊತ್ತು, ಅದರಲ್ಲಿ ಅರ್ಧ ನನ್ನದೇ ಅಕ್ಷರ. ಗ್ಲೌಸಿನ ಡಬ್ಬದ ಉಳಿದ ಮೂರು ಕ್ಯಾನ್ಸರ್ ವರದಿಗಳಲ್ಲಿ ಎರಡರವರನ್ನು ಆಗಲೇ ಹುಡುಕಿ ತಲುಪಿಸಿದೆವು. ಮೂರನೆಯವರ ಫಾರಂನಲ್ಲಿ ಊರಿನ ಹೆಸರು ಸರಿಯಾಗಿ ಓದಲಾಗುತ್ತಿಲ್ಲ. ‘ಹಳ್ಳಿ’ ಅಂತ ಮಾತ್ರ ಕಾಣುತ್ತದೆ. ಅದರ ಜೆರಾಕ್ಸ್ ನನ್ನ ಹತ್ತಿರ ಇದೆ. ಬರುವಾಗ ತರುತ್ತೇನೆ.

ಇತಿ,
ಒಬ್ಬ ನಿವೃತ್ತ ಲ್ಯಾಬ್ ಟೆಕ್ನೀಷಿಯನ್